ಯಾರ ಕಣ್ಣಿಗೂ ಬೀಳದ ಸಾಗರತಳದ ಜ್ವಾಲಾಮುಖಿ ಉಕ್ಕಿತೆಂದು ತಿಳಿಯುವುದು ಹೇಗೆ?

ಪಿನಾಕಿನಿ ದಂಡೆಯ ಮೇಷ್ಟ್ರು (ಗೌರಿಬಿದನೂರು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಗೌರಿಬಿದನೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ ಜ್ವಾಲಾಮುಖಿಗಳ ವಿಷಯ ಬಂದಾಗ, ಭೂಗರ್ಭದಿಂದ ಹೊರಬರುವ ಶಿಲಾಪಾಕದ ಸುಮಾರು ಮುಕ್ಕಾಲು ಪಾಲು ಸಮುದ್ರದ ಅಡಿಯಲ್ಲೇ ಹೊರಬರುತ್ತದೆ ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಷ್ಟು ಆಳದ ನೀರಿನೊಳಗೆ ಉಕ್ಕಿದ್ದನ್ನು ನೋಡಿದವರು ಯಾರು ಸರ್? ನೋಡಿದವರೇ ಇಲ್ಲವೆಂದಮೇಲೆ ಮುಕ್ಕಾಲು ಪಾಲು ಎಂದು ಅಳೆದವರು ಯಾರು?" ಎಂದಳು. ಭೂಕಂಪಮಾಪಕಗಳಿಂದ ತಿಳಿಯುತ್ತದೆ ಎಂದು ಹೇಳಿ ಮುಂದಿನ ಪುಟಕ್ಕೆ ಜಾರಲು ನೋಡಿದೆ. ಅವಳು ಬಿಡಲಿಲ್ಲ. "ಹಾಗಾದರೆ ನಮ್ಮೂರಿನ ಕಂಪನ ಕೇಂದ್ರಕ್ಕೂ ಅದು ಕೇಳಿಸುತ್ತದೆಯೇ?" ಎಂದು ಕೇಳಿದಳು.

ನಮ್ಮೂರಿನ ಬಳಿ 1965ರಿಂದಲೂ ಭೂಕಂಪಮಾಪಕಗಳ ದೊಡ್ಡದೊಂದು ಜಾಲವಿದೆ ಎಂಬುದು ಇಲ್ಲಿನ ಹಲವರಿಗೆ ಗೊತ್ತಿರಬಹುದು. (ಊರಿನ ಬಹುಪಾಲು ಜನ ಅದನ್ನೂ ಹತ್ತಿರದಲ್ಲೇ ಇರುವ ರೇಡಿಯೋ ದೂರದರ್ಶಕವನ್ನೂ ಒಂದೇ ಎಂದು ತಿಳಿದಿದ್ದಾರೆ. ಒಂದು ನೆಲಕ್ಕೆ ಕಿವಿಗೊಟ್ಟಿದೆ, ಇನ್ನೊಂದು ಆಕಾಶಕ್ಕೆ.) ಆದರೆ ಸಾವಿರಾರು ಕಿಲೋಮೀಟರ್ ದೂರದ ಸಮುದ್ರದ ತಳದಲ್ಲಿ ನಡೆಯುವುದು ಈ ಬಯಲುಸೀಮೆಗೆ ಮುಟ್ಟುತ್ತದೆಯೇ ಎಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸೋಮವಾರ ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ. ಬಲ್ಲವರು ತಿಳಿಸಿದರೆ, ಅದರಲ್ಲೂ ಹಳ್ಳಿಯ ಶಾಲೆಯಲ್ಲಿ ಮಾಡಿ ತೋರಿಸಬಹುದಾದ್ದು ಏನಾದರೂ ಇದ್ದರೆ, ಉಪಕಾರವಾಗುತ್ತದೆ.

ಸಾಗರವಿಜ್ಞಾನದ ಹಳೆಯ ವಿದ್ಯಾರ್ಥಿ (ಮಾಲೂರು):

ಮೇಷ್ಟ್ರೇ, ಆ ಹುಡುಗಿ ಕೇಳಿದ ಮೊದಲ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಮುಕ್ಕಾಲು ಪಾಲು ಎಂಬುದು ಒಂದೊಂದೇ ಜ್ವಾಲಾಮುಖಿಯನ್ನು ನೋಡಿ ಎಣಿಸಿದ್ದಲ್ಲ, ಗುಣಾಕಾರದಿಂದ ಬಂದ ಲೆಕ್ಕ. ಸಾಗರಗಳ ನಡುವೆ ಸುಮಾರು 65,000 ಕಿಲೋಮೀಟರ್ ಉದ್ದದ ಏಣುಗಳ, ಅಂದರೆ ನೀರಿನಡಿಯ ಬೆಟ್ಟಗಳ, ಸಾಲು ಹಬ್ಬಿದೆ. ಅದರ ಎರಡೂ ಬದಿಯ ನೆಲ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ದೂರ ಸರಿಯುತ್ತಿದೆ, ಸರಿದ ಜಾಗವನ್ನು ಆರೇಳು ಕಿಲೋಮೀಟರ್ ದಪ್ಪದ ಹೊಸ ಶಿಲೆ ತುಂಬುತ್ತಿದೆ. ಉದ್ದ, ದಪ್ಪ, ಸರಿಯುವ ವೇಗ ಈ ಮೂರನ್ನು ಗುಣಿಸಿದರೆ ವರ್ಷಕ್ಕೆ ಎಷ್ಟು ಶಿಲಾಪಾಕ ಮೇಲೆ ಬರಬೇಕೆಂಬುದು ಸಿಗುತ್ತದೆ.

ಇಂಥ ಒಂದು ನಿರ್ದಿಷ್ಟ ಜ್ವಾಲಾಮುಖಿ ಇಂಥ ದಿನ ಉಕ್ಕಿತೆಂದು ಹೇಳುವುದು ಬೇರೆಯೇ ಕೆಲಸ, ಮತ್ತು ಅದರಲ್ಲಿ ಕಣ್ಣಿನ ಪಾತ್ರ ಬಹಳ ಕಡಿಮೆ. ಈ ವಿದ್ಯೆಯನ್ನು ಅತ್ಯಂತ ಚೆನ್ನಾಗಿ ತೋರಿಸುವುದು ಆಕ್ಸಿಯಲ್ ಎಂಬ ಸಾಗರಪರ್ವತ. ಅದು ಅಮೆರಿಕದ ಆರೆಗಾನ್ ಕರಾವಳಿಯಿಂದ ಸುಮಾರು 480 ಕಿಲೋಮೀಟರ್ ದೂರದಲ್ಲಿ, ಹುವಾನ್ ಡೆ ಫೂಕಾ ಏಣಿನ ಮೇಲಿದೆ. ನಿಮ್ಮ ಮಕ್ಕಳಿಗೆ ಅದರ ಆಳವನ್ನು ಹೀಗೆ ಹೇಳಬಹುದು: ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಮೇಲಿದೆ, ಆಕ್ಸಿಯಲ್‌ನ ನೆತ್ತಿಯ ಮೇಲಿರುವ ಬಟ್ಟಲಿನಂಥ ಕುಸಿತ, ಅಂದರೆ ಕ್ಯಾಲ್ಡೆರಾ, ಹೆಚ್ಚುಕಡಿಮೆ ಅಷ್ಟೇ ಕೆಳಗಿದೆ. ನಮ್ಮ ಕಡೆಯ 1,500 ಅಡಿಯ ಕೊಳವೆಬಾವಿಯ ಮೂರು ಪಟ್ಟು ಆಳ. ಅಲ್ಲಿ ನೀರಿನ ಒತ್ತಡ ವಾಯುಮಂಡಲದ ಒತ್ತಡದ ಸುಮಾರು 150 ಪಟ್ಟು ಇರುವುದರಿಂದ, ಕಾದ ಲಾವಾಕ್ಕೆ ನೀರು ತಗುಲಿದರೂ ಅದು ಆವಿಯಾಗಿ ಸಿಡಿದು ಮೇಲೆ ಚಿಮ್ಮುವುದು ಕಷ್ಟ. ಹೊಗೆಯಿಲ್ಲ, ಬೂದಿಯಿಲ್ಲ, ಮೇಲೆ ಸಾಗುವ ಹಡಗಿಗೆ ಸುಳಿವೂ ಇಲ್ಲ.

ಆದರೆ ಅದೇ ಒತ್ತಡ ಅಳತೆಗೆ ನೆರವಾಗುತ್ತದೆ. ಶಿಲಾಪಾಕ ಕೆಳಗಿನಿಂದ ತುಂಬುತ್ತಾ ಬಂದಂತೆ ಬೆಟ್ಟದ ನೆತ್ತಿ ಉಬ್ಬುತ್ತದೆ. ನೆಲ ಒಂದು ಸೆಂಟಿಮೀಟರ್ ಮೇಲೆದ್ದರೆ ಅದರ ಮೇಲಿನ ನೀರಿನ ಕಂಬ ಒಂದು ಸೆಂಟಿಮೀಟರ್ ಕುಗ್ಗುತ್ತದೆ, ಒತ್ತಡ ಸುಮಾರು ಒಂದು ಮಿಲಿಬಾರ್ ಇಳಿಯುತ್ತದೆ. ತಳದಲ್ಲಿ ಇಟ್ಟ ಒತ್ತಡಮಾಪಕ ಇದನ್ನು ಬರೆದುಕೊಳ್ಳುತ್ತದೆ. ಉಬ್ಬರವಿಳಿತದಿಂದ ನೀರಿನ ಮಟ್ಟವೇ ದಿನಕ್ಕೆ ಎರಡು ಸಲ ಮೀಟರುಗಟ್ಟಲೆ ಏರಿಳಿಯುವುದಲ್ಲವೇ ಎಂದು ಆ ಹುಡುಗಿ ಖಂಡಿತ ಕೇಳುತ್ತಾಳೆ. ಉಬ್ಬರವಿಳಿತ ಗಡಿಯಾರದಂತೆ ನಡೆಯುವುದರಿಂದ ಅದನ್ನು ಲೆಕ್ಕ ಹಾಕಿ ಕಳೆಯಬಹುದು. ಅದಕ್ಕಿಂತ ಕಾಡುವುದು ಮಾಪಕದ ಸ್ವಂತ ದೋಷ. ಸಂತೆಯ ಹಳೆಯ ತಕ್ಕಡಿ ವರ್ಷ ಕಳೆದಂತೆ ಒಂದು ಬದಿಗೆ ವಾಲುವ ಹಾಗೆ, ಈ ಮಾಪಕಗಳೂ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಸುಳ್ಳು ಹೇಳತೊಡಗುತ್ತವೆ. ಆದ್ದರಿಂದ ಕ್ಯಾಲ್ಡೆರಾದ ಒಳಗೂ, ಉಬ್ಬು ತಲುಪದ ದೂರದ ಜಾಗದಲ್ಲೂ ಗುರುತಿನ ಕಟ್ಟೆಗಳನ್ನು ಇಟ್ಟು, ದೂರನಿಯಂತ್ರಿತ ಜಲಯಂತ್ರದ ಕೈಗೆ ಒಂದೇ ಮಾಪಕವನ್ನು ಕೊಟ್ಟು, ಕಟ್ಟೆಯಿಂದ ಕಟ್ಟೆಗೆ ಒಯ್ದು ಅಳೆದು ಬರುತ್ತಾರೆ. ಮೋಜಣಿಯವರು ಕಲ್ಲಿನಿಂದ ಕಲ್ಲಿಗೆ ಸರಪಳಿ ಎಳೆಯುವ ಕೆಲಸವೇ ಇದು, ಸಮುದ್ರದ ತಳದಲ್ಲಿ ನಡೆಯುತ್ತದೆ ಅಷ್ಟೆ.

ಆಕ್ಸಿಯಲ್ 1998, 2011 ಮತ್ತು 2015ರಲ್ಲಿ ಉಕ್ಕಿದೆ, ಮತ್ತು ಈ ಮೂರು ಸಲವೂ ಅದನ್ನು ಕಂಡುಕೊಂಡ ಬಗೆ ಒಂದರಂತೆ ಒಂದಿಲ್ಲ. 1998ರಲ್ಲಿ ಮೂರು ಕಾಲಿನ ಮಾಪಕವೊಂದು ಹರಿದು ಬಂದ ಲಾವಾದಲ್ಲೇ ಸಿಕ್ಕಿಕೊಂಡಿತು. ಹೆಪ್ಪುಗಟ್ಟುತ್ತಿದ್ದ ಹೊರಪದರ ಅದನ್ನು ಹೊತ್ತು ಸುಮಾರು ಮೂರೂವರೆ ಮೀಟರ್ ಮೇಲೆತ್ತಿ, ಒಳಗಿನ ಲಾವಾ ಬಸಿದು ಹೋದಂತೆ ಮತ್ತೆ ಕೆಳಗಿಳಿಸಿತು. ಎರಡೂವರೆ ಗಂಟೆಯ ಈ ಏರಿಳಿತವನ್ನು ಮಾಪಕ ಒತ್ತಡದ ರೂಪದಲ್ಲಿ ಬರೆದುಕೊಂಡಿತ್ತು. ಮರುವರ್ಷ ಅದನ್ನು ಕಿತ್ತು ಮೇಲೆ ತಂದಾಗ, ಲಾವಾದ ಬೆನ್ನ ಮೇಲೆ ಕುಳಿತು ಬಂದ ಸಾಕ್ಷಿಯೊಂದು ವಿಜ್ಞಾನಿಗಳ ಕೈಗೆ ಸಿಕ್ಕಂತಾಯಿತು. 2011ರಲ್ಲಿ ನಡೆದದ್ದು ತುಸು ನಗೆ ತರಿಸುವಂಥದ್ದು. ಜ್ವಾಲಾಮುಖಿ ಏಪ್ರಿಲ್‌ನಲ್ಲೇ ಉಕ್ಕಿ ಮುಗಿದಿತ್ತು. ಬೇಸಿಗೆಯ ವಾಡಿಕೆಯ ಯಾತ್ರೆಗೆ ಹೋದವರು ಜಲಯಂತ್ರವನ್ನು ಕೆಳಗಿಳಿಸಿದಾಗ ತಾವೇ ಇಟ್ಟ ಗುರುತುಗಳು ಕಾಣದೆ, ದಾರಿ ತಪ್ಪಿದೆವೇನೋ ಎಂದುಕೊಂಡರು. ಗುರುತುಗಳು ಹೊಸ ಲಾವಾದ ಅಡಿಯಲ್ಲಿದ್ದವು.

2014ರಲ್ಲಿ ದಡದಿಂದ ಕೇಬಲ್ ಎಳೆದು ಬೆಟ್ಟದ ಮೇಲಿನ ಮಾಪಕಗಳಿಗೆ ವಿದ್ಯುತ್ತನ್ನೂ ಅಂತರ್ಜಾಲವನ್ನೂ ಕೊಟ್ಟ ಮೇಲೆ ಕಥೆ ಬದಲಾಯಿತು. 2015ರ ಏಪ್ರಿಲ್ 24ರಂದು ಒಂದೇ ದಿನದಲ್ಲಿ 8,000ಕ್ಕೂ ಹೆಚ್ಚು ಸಣ್ಣ ಕಂಪನಗಳು ದಾಖಲಾದವು. ಕ್ಯಾಲ್ಡೆರಾದ ನೆಲ ಸುಮಾರು 2.4 ಮೀಟರ್ ಕುಸಿಯಿತು. ಹೊಸ ಲಾವಾ ನೀರಿಗೆ ತಗುಲುವಾಗ ಆಗುವ ಪಟಪಟ ಸದ್ದು ಸಾವಿರಾರು ಸಲ ನೀರಿನಲ್ಲಿ ಹಾದು ಬಂದು ತಳದ ಮಾಪಕಗಳಲ್ಲಿ ಮೂಡಿತು. ಆ ಸದ್ದು ಎಲ್ಲಿಂದ ಬರುತ್ತಿದೆ ಎಂದು ಗುರುತಿಸಿ, ಬೇಸಿಗೆಯಲ್ಲಿ ಹಡಗು ಹೋಗಿ, ಸದ್ದು ಕಳಿಸಿ ಅದರ ಮರುದನಿಯಿಂದ ಆಳ ತಿಳಿಯುವ ಸೋನಾರ್‌ನಿಂದ ಅಳೆದಾಗ, ಕೆಲವೆಡೆ ಲಾವಾ 127 ಮೀಟರ್ ದಪ್ಪಕ್ಕೆ ರಾಶಿಬಿದ್ದಿದ್ದು ಕಂಡಿತು. ಅಷ್ಟೆಲ್ಲ ನಡೆದರೂ ಆ ದಿನ ಅದರ ಮೇಲೆ ದೋಣಿ ಹಾಯಿಸಿದವನಿಗೆ ಏನೂ ತಿಳಿಯುತ್ತಿರಲಿಲ್ಲ.

ದೇವರಾಯನದುರ್ಗದ ಗಾಳಿ (ತುಮಕೂರು):

ಬಯಲುಸೀಮೆಗೆ ಮುಟ್ಟುತ್ತದೆಯೇ ಎಂಬ ಪ್ರಶ್ನೆಗೆ ನನ್ನ ಮಾಳಿಗೆಯ ಮೇಲಿನ ಯಂತ್ರವೇ ಉತ್ತರ ಹೇಳಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಮಳೆ, ಗಾಳಿ, ವಾಯುಭಾರಗಳನ್ನು ಐದು ನಿಮಿಷಕ್ಕೊಮ್ಮೆ ದಾಖಲಿಸುವ ಸಣ್ಣ ಯಂತ್ರವೊಂದನ್ನು ಹಲವು ವರ್ಷಗಳಿಂದ ಹವ್ಯಾಸಕ್ಕೆಂದು ನಡೆಸುತ್ತಿದ್ದೇನೆ.

2022ರ ಜನವರಿ 15ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 9.45ರ ಸುಮಾರಿಗೆ, ಪೆಸಿಫಿಕ್ ಸಾಗರದ ಟೊಂಗಾ ದೇಶದ ಹುಂಗಾ ಜ್ವಾಲಾಮುಖಿ ಸ್ಫೋಟಿಸಿತು. ಮಾಲೂರಿನವರು ಹೇಳಿದ ಆಕ್ಸಿಯಲ್‌ಗೆ ಇದು ತದ್ವಿರುದ್ಧ. ಬಾಯಿ ನೀರಿನಲ್ಲಿ ಆಳವಾಗಿ ಇರಲಿಲ್ಲವಾದ್ದರಿಂದ ಆವಿಯನ್ನು ಅದುಮಿಡುವ ಭಾರವೂ ಇರಲಿಲ್ಲ. ಬೂದಿ ಮತ್ತು ಆವಿಯ ಕಂಬ 57 ಕಿಲೋಮೀಟರ್ ಎತ್ತರಕ್ಕೆ ಹೋಯಿತು. ಆ ಹೊಡೆತದಿಂದ ಗಾಳಿಯಲ್ಲಿ ಎದ್ದ ಒತ್ತಡದ ಅಲೆ ಭೂಮಿಯನ್ನು ಹಲವು ಸುತ್ತು ಹಾಕಿತು. ಟೊಂಗಾದಿಂದ ತುಮಕೂರಿಗೆ ಭೂಮಿಯ ಮೇಲ್ಮೈ ಗುಂಟ ಸುಮಾರು 12,300 ಕಿಲೋಮೀಟರ್. ಆ ಅಲೆ ಸೆಕೆಂಡಿಗೆ 300 ಮೀಟರಿಗಿಂತ ತುಸು ಹೆಚ್ಚು ವೇಗದಲ್ಲಿ ಸಾಗುತ್ತದೆ, ಅಂದರೆ ನಮ್ಮಲ್ಲಿಗೆ ಬರಲು ಹನ್ನೊಂದು ಗಂಟೆ ಬೇಕು. ನನ್ನ ದಾಖಲೆಯಲ್ಲಿ ಆ ರಾತ್ರಿ ಎಂಟೂವರೆ ದಾಟುತ್ತಿದ್ದಂತೆ ವಾಯುಭಾರದ ಗೆರೆ ಒಂದು ಮಿಲಿಬಾರಿಗೂ ತುಸು ಹೆಚ್ಚು ಜಿಗಿದು, ಅರ್ಧ ಗಂಟೆಯೊಳಗೆ ಮತ್ತೆ ತನ್ನ ದಾರಿಗೆ ಬಂದಿದೆ. ಅಂದು ಮೋಡವಿರಲಿಲ್ಲ, ಗಾಳಿಯಿರಲಿಲ್ಲ. ಮೊದಲು ಯಂತ್ರ ಕೆಟ್ಟಿತೆಂದೇ ತಿಳಿದು ಬ್ಯಾಟರಿ ತೆಗೆದು ಹಾಕಿದೆ. ಮಾರನೆಯ ದಿನ ಸುದ್ದಿ ಓದಿದ ಮೇಲೆಯೇ ಹೊತ್ತನ್ನು ಹೊಂದಿಸಿ ನೋಡಿದ್ದು.

ಭೂಮಿಯ ಇನ್ನೊಂದು ಬದಿಯಿಂದ ಸುತ್ತಿಬಂದ ಅಲೆ ಮಾರನೆಯ ಬೆಳಗ್ಗೆ ಹತ್ತರ ಸುಮಾರಿಗೆ ಬರಬೇಕಿತ್ತು. ಆ ಹೊತ್ತಿಗೆ ದಿನವೂ ವಾಯುಭಾರ ತಾನಾಗಿಯೇ ಏರಿ ಶಿಖರ ಮುಟ್ಟುವುದರಿಂದ, ಅಲ್ಲಿ ಕಾಣುವ ಸಣ್ಣ ತಿರುವನ್ನು ಟೊಂಗಾದ್ದೆಂದು ಹೇಳುವ ಧೈರ್ಯ ನನಗಿಲ್ಲ.

ಶಾಲೆಯಲ್ಲಿ ತೋರಿಸಲು ಒಂದು ದಾರಿಯಿದೆ. ಈಗಿನ ಅನೇಕ ಮೊಬೈಲುಗಳಲ್ಲಿ ವಾಯುಭಾರ ಅಳೆಯುವ ಸಂವೇದಕವಿರುತ್ತದೆ. ಮೊಬೈಲ್ ಹಿಡಿದು ಒಂದು ಮಹಡಿ ಹತ್ತಿಸಿ, 0.3 ಮಿಲಿಬಾರ್ ಇಳಿಯುತ್ತದೆ. ಗಾಳಿಯಲ್ಲಿ ಹತ್ತು ಮೀಟರ್ ಏರಿದರೆ ಕಾಣುವಷ್ಟು ವ್ಯತ್ಯಾಸ ನೀರಿನಲ್ಲಿ ಒಂದೇ ಸೆಂಟಿಮೀಟರಿಗೆ ಕಾಣುತ್ತದೆ ಎಂದು ಹೇಳಿದರೆ, ಸಾಗರತಳದ ಮಾಪಕ ಏಕೆ ಅಷ್ಟು ಸೂಕ್ಷ್ಮವೆಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಪಿನಾಕಿನಿ ದಂಡೆಯ ಮೇಷ್ಟ್ರು:

ಇಬ್ಬರಿಗೂ ಕೃತಜ್ಞತೆಗಳು. ಮಹಡಿ ಹತ್ತುವ ಪ್ರಯೋಗವನ್ನು ಇಂದೇ ಮಾಡಿ ನೋಡಿದೆ. ನಮ್ಮದು ಒಂದಂತಸ್ತಿನ ಶಾಲೆಯಾದ್ದರಿಂದ ನೀರಿನ ಟ್ಯಾಂಕಿನ ಏಣಿ ಹತ್ತಬೇಕಾಯಿತು. ಸಂಖ್ಯೆ ಇಳಿಯಿತು.

ಎರಡು ಸಂಶಯಗಳು ಉಳಿದಿವೆ. ಗಾಳಿಯ ಅಲೆ ಬಂದದ್ದು ಸರಿ, ನೆಲದ ಮೂಲಕ ಬರುವುದಿಲ್ಲವೇ? ಹಾಗೆಯೇ, ಬೆಟ್ಟ ಉಬ್ಬುವುದನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆಂದ ಮೇಲೆ, ಯಾವಾಗ ಉಕ್ಕುತ್ತದೆಂದು ಮೊದಲೇ ಹೇಳಬಹುದಲ್ಲವೇ? ಹಾಲು ಉಕ್ಕುವುದು ಪಾತ್ರೆಯ ಅಂಚಿಗೆ ಬಂದಾಗ ಗೊತ್ತಾಗುವ ಹಾಗೆ?

ಊರಿಗಾಂ ನಿವೃತ್ತ (ಕೆಜಿಎಫ್):

ನೆಲದ ವಿಷಯ ಬಂದಿದ್ದರಿಂದ ನಾಲ್ಕು ಮಾತು. ನಾನು ಚಿನ್ನದ ಗಣಿಯಲ್ಲಿ ದುಡಿದವನು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ನಮ್ಮ ಗಣಿಯಲ್ಲಿ ಬಂಡೆ ತಾನಾಗಿ ಸಿಡಿಯುತ್ತಿತ್ತು, ಮೇಲೆ ಊರಿನಲ್ಲಿ ಪಾತ್ರೆಗಳು ಅಲುಗಾಡುತ್ತಿದ್ದವು. ಎಲ್ಲಿ ಸಿಡಿಯಿತೆಂದು ನೋಡಲು ಯಾರೂ ಓಡುತ್ತಿರಲಿಲ್ಲ. ಬೇರೆಬೇರೆ ಕಡೆ ಇಟ್ಟ ಮಾಪಕಗಳಿಗೆ ಕಂಪನ ಮುಟ್ಟಿದ ಹೊತ್ತಿನ ವ್ಯತ್ಯಾಸದಿಂದಲೇ ಜಾಗ ತಿಳಿಯುತ್ತಿತ್ತು. ಸಮುದ್ರದವರು ಮಾಡುವುದೂ ಇದನ್ನೇ.

ಇನ್ನೊಂದು ಮಾತು. ನಾವು ಕೊರೆದು ಚಿನ್ನ ತೆಗೆದ ಆ ಕರಿಬಂಡೆಯೇ ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಹರಿದ ಲಾವಾ. ನೀರಿನೊಳಗೆ ಲಾವಾ ಹೊರಬಂದರೆ ಮೇಲ್ಪದರ ಕೂಡಲೇ ತಣಿದು ಚೀಲದಂತೆ ಉಬ್ಬುತ್ತದೆ, ಚೀಲ ಬಿರಿದು ಇನ್ನೊಂದು ಚೀಲ ಹುಟ್ಟುತ್ತದೆ, ಹೀಗೆ ದಿಂಬುಗಳನ್ನು ಪೇರಿಸಿದಂತೆ ರಾಶಿಯಾಗುತ್ತದೆ. ದಿಂಬು ಲಾವಾ ಎನ್ನುವುದು ಇದಕ್ಕೇ. ಕೋಲಾರದ ಬಂಡೆಗಳು ಭೂಮಿಯ ಒತ್ತಡಕ್ಕೆ ಸಿಕ್ಕಿ ಎಳೆದು ಚಪ್ಪಟೆಯಾಗಿರುವುದರಿಂದ ದಿಂಬುಗಳನ್ನು ಗುರುತಿಸಲು ಪಳಗಿದ ಕಣ್ಣು ಬೇಕು. ಆದರೆ ತುಮಕೂರಿನಿಂದ ಶಿರಾ, ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೋದರೆ ಐಮಂಗಲದ ಹತ್ತಿರ ಮಾರಡಿಹಳ್ಳಿ ಸಿಗುತ್ತದೆ. ಅಲ್ಲಿಯ ದಿಂಬುಗಳನ್ನು ಮಗುವೂ ಗುರುತಿಸಬಹುದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ದಿಂಬಿನ ಮೇಲ್ಭಾಗ ಗುಂಡಗೆ, ಕೆಳಭಾಗ ಅಡಿಯ ಎರಡು ದಿಂಬುಗಳ ಸಂದಿಗೆ ಇಳಿದ ಬಾಲದಂತೆ ಇರುತ್ತದೆ. ಯಾವುದು ಮೇಲಾಗಿತ್ತು, ಯಾವುದು ಕೆಳಗಾಗಿತ್ತು ಎಂಬುದನ್ನು ಅಷ್ಟರಿಂದಲೇ ಓದಬಹುದು.

ಸಾಗರವಿಜ್ಞಾನದ ಹಳೆಯ ವಿದ್ಯಾರ್ಥಿ:

ನೆಲದ ಮೂಲಕ ಬರುವುದಕ್ಕೆ ಉತ್ತಮ ಉದಾಹರಣೆ ನಮ್ಮದೇ ಹಿಂದೂ ಮಹಾಸಾಗರದಲ್ಲಿದೆ. ಆಫ್ರಿಕಾ ಮತ್ತು ಮಡಗಾಸ್ಕರ್ ನಡುವಿನ ಮಯೋಟ್ ದ್ವೀಪದಲ್ಲಿ 2018ರ ಮೇ ತಿಂಗಳಿಂದ ಎಡೆಬಿಡದೆ ನೆಲ ನಡುಗತೊಡಗಿತು. ದ್ವೀಪವೇ ನಿಧಾನವಾಗಿ ಪೂರ್ವಕ್ಕೆ ಸರಿಯುತ್ತಾ ಕುಸಿಯುತ್ತಿರುವುದನ್ನು ಜಿಪಿಎಸ್ ತೋರಿಸಿತು. ಅದೇ ವರ್ಷ ನವೆಂಬರ್ 11ರಂದು ಪ್ರಪಂಚದಾದ್ಯಂತದ ಭೂಕಂಪಮಾಪಕಗಳಲ್ಲಿ ಸುಮಾರು ಇಪ್ಪತ್ತು ನಿಮಿಷ ಒಂದು ವಿಚಿತ್ರ ಗುನುಗು ಮೂಡಿತು. ಭೂಕಂಪದ ಗೆರೆ ಗೀಚಿದಂತೆ ಇರುತ್ತದೆ, ಇದು ಹದಿನೇಳು ಸೆಕೆಂಡಿಗೊಮ್ಮೆ ಏರಿಳಿಯುವ ನುಣುಪಾದ ಅಲೆ. ಗುಡಿಯ ದೊಡ್ಡ ಗಂಟೆ ಬಾರಿಸಿದ ಮೇಲೆ ಉಳಿಯುವ ನಾದದ ಹಾಗೆ. ನೆಲದಡಿಯ ಶಿಲಾಪಾಕದ ಕೋಣೆ ಬರಿದಾಗುತ್ತಾ ಅನುರಣಿಸಿದ ಸದ್ದು ಅದು ಎಂಬುದು ನಂತರ ಬಂದ ವಿವರಣೆ. 2019ರ ಮೇ ತಿಂಗಳಲ್ಲಿ ಫ್ರಾನ್ಸಿನ ಮರಿಯಾನ್ ಡುಫ್ರೆಸ್ನೆ ಹಡಗು ಹೋಗಿ ಸೋನಾರ್ ಹಾಕಿದಾಗ, 2014ರ ನಕ್ಷೆಯಲ್ಲಿ ಏನೂ ಇರದಿದ್ದ ಜಾಗದಲ್ಲಿ, 3,500 ಮೀಟರ್ ಆಳದ ತಳದಿಂದ 820 ಮೀಟರ್ ಎತ್ತರದ ಹೊಸ ಬೆಟ್ಟ ಎದ್ದು ನಿಂತಿತ್ತು. ಈಗ ಅದಕ್ಕೆ ಫಾನಿ ಮಾವೊರೆ ಎಂದು ಹೆಸರು.

ಆ ಅಲೆ ಭೂಮಿಯನ್ನೆಲ್ಲ ಹಾದುಹೋಗಿರುವುದರಿಂದ ಗೌರಿಬಿದನೂರಿನ ನೆಲದಲ್ಲೂ ಹಾದುಹೋಗಿದೆ. ಅಲ್ಲಿಯ ಯಂತ್ರ ಅದನ್ನು ಹಿಡಿಯಿತೇ ಎಂಬುದು ಯಂತ್ರದ ಶ್ರುತಿಗೆ ಬಿಟ್ಟದ್ದು. ಒಂದಕ್ಕೊಂದು ಲಂಬವಾಗಿರುವ ಎರಡು ಸಾಲುಗಳಲ್ಲಿ 20 ಮಾಪಕಗಳನ್ನು ಹೂಡಿ ಆ ಜಾಲವನ್ನು ಕಟ್ಟಿದ್ದು ದೂರದೇಶಗಳ ಪರಮಾಣು ಸ್ಫೋಟಗಳನ್ನು ಗುರುತಿಸಲೆಂದು. ಅಂಥ ಮಾಪಕಗಳು ಸೆಕೆಂಡಿಗೊಮ್ಮೆ ಏರಿಳಿಯುವ ಚುರುಕು ಕಂಪನಗಳಿಗೆ ಹೊಂದಿದವು. ಹದಿನೇಳು ಸೆಕೆಂಡಿನ ಗುನುಗಿಗೆ ಅಗಲ ಶ್ರುತಿಯ ಬೇರೆ ಮಾಪಕ ಬೇಕು. ಸೀಟಿಗೆ ಹೊಂದಿದ ಕಿವಿಗೆ ತಂಬೂರಿಯ ಕೆಳಗಿನ ತಂತಿ ಕೇಳಿಸಲಾರದು ಎಂದು ಆ ಹುಡುಗಿಗೆ ಹೇಳಬಹುದು.

ಇನ್ನು ಮುನ್ಸೂಚನೆ. ಹಾಲಿನ ಹೋಲಿಕೆ ಚೆನ್ನಾಗಿದೆ, ಆದರೆ ಪಾತ್ರೆಯ ಅಂಚೇ ಕದಲುತ್ತಿದ್ದರೆ? ಆಕ್ಸಿಯಲ್ ಮುಂಚಿನ ಸಲ ಉಕ್ಕಿದಾಗ ಇದ್ದ ಮಟ್ಟಕ್ಕೆ ಮತ್ತೆ ಉಬ್ಬಿದಾಗ ಉಕ್ಕುತ್ತದೆ ಎಂಬ ಎಣಿಕೆಯ ಮೇಲೆ ವಿಜ್ಞಾನಿಗಳಾದ ಬಿಲ್ ಚಾಡ್ವಿಕ್ ಮತ್ತು ಸ್ಕಾಟ್ ನೂನರ್ 2006ರಲ್ಲಿ, 2014ರೊಳಗೆ ಉಕ್ಕಬಹುದೆಂದರು. 2011ರಲ್ಲಿ ಉಕ್ಕಿತು. 2014ರಲ್ಲಿ, ಮುಂದಿನ ವರ್ಷ ಎಂದರು. 2015ರಲ್ಲಿ ಉಕ್ಕಿತು. ಆದರೆ 2015ರಲ್ಲಿ ಅದು ಉಕ್ಕುವ ಮುನ್ನ 2011ರ ಮಟ್ಟವನ್ನೂ ಮೀರಿ ಉಬ್ಬಿತ್ತು. 2024ರ ಕೊನೆಯಲ್ಲಿ ಅದೇ ಜಾಡು ಹಿಡಿದು, 2025 ಮುಗಿಯುವುದರೊಳಗೆ ಎಂದು ಹೇಳಿದರು. ಈ ಸಲ ಅದು ಮಾತು ಕೇಳಲಿಲ್ಲ, ಗಡುವನ್ನು ಮುಂದಕ್ಕೆ ಹಾಕಬೇಕಾಯಿತು. ಇದನ್ನು ಸೋಲೆಂದು ನಾನು ಎಣಿಸುವುದಿಲ್ಲ. ಎಲ್ಲರಿಗೂ ಕಾಣುವಂತೆ ದಿನ ಬರೆದಿಟ್ಟು ತಪ್ಪಿದವರು, ಆದಮೇಲೆ ನಾನು ಹೇಳಿದ್ದೆನಲ್ಲ ಎನ್ನುವವರಿಗಿಂತ ಮೇಲು.

ಇದರಲ್ಲಿ ನನಗೆ ಅತ್ಯಂತ ಹಿಡಿಸಿದ ಸಂಗತಿಯೊಂದಿದೆ: ಆಕ್ಸಿಯಲ್‌ನ ಸಣ್ಣ ಕಂಪನಗಳು ಇಳಿತದ ಹೊತ್ತಿನಲ್ಲಿ ಹೆಚ್ಚುತ್ತವೆ. ಮೇಲಿನ ನೀರು ಒಂದೆರಡು ಮೀಟರ್ ಕಡಿಮೆಯಾದಾಗ ಬಿರುಕುಗಳ ಮೇಲಿನ ಹಿಡಿತ ಅಷ್ಟೇ ಸಡಿಲವಾಗುತ್ತದೆ. ತುಂಬಿ ಬಿಗಿದ ಬೆಟ್ಟಕ್ಕೆ ಅಷ್ಟು ಸಾಕು.

ಶಿರಾ ದಾರಿಹೋಕ (ತುಮಕೂರು ಜಿಲ್ಲೆ):

ಇಷ್ಟೆಲ್ಲ ಕಷ್ಟಪಡುವ ಬದಲು ಹಡಗಿನಲ್ಲೇ ಹೋಗಿ ಕಾಯಬಾರದೇ ಎಂದು ಕೇಳುವವರಿಗೆ ಒಂದು ಸಂಗತಿ: 1952ರ ಸೆಪ್ಟೆಂಬರ್ 24ರಂದು ಜಪಾನಿನ ದಕ್ಷಿಣದ ಮ್ಯೋಜಿನ್‌ಶೋ ಜ್ವಾಲಾಮುಖಿಯನ್ನು ನೋಡಲು ಹೋದ ಐದನೆಯ ಕೈಯೋ ಮಾರು ಎಂಬ ಹಡಗು 31 ಜನರೊಂದಿಗೆ ಸ್ಫೋಟಕ್ಕೆ ಸಿಕ್ಕಿ ನಾಶವಾಯಿತು. ಯಾರೂ ಉಳಿಯಲಿಲ್ಲ. ಇದಕ್ಕೆ ವಿರುದ್ಧವಾಗಿ, 2012ರಲ್ಲಿ ನ್ಯೂಜಿಲೆಂಡಿನ ಉತ್ತರದ ಹಾವ್ರ್ ಜ್ವಾಲಾಮುಖಿ ಉಕ್ಕಿದ್ದು ಲೋಕದ ಗಮನಕ್ಕೆ ಬಂದದ್ದು ವಿಮಾನದ ಪ್ರಯಾಣಿಕರೊಬ್ಬರು ಕಿಟಕಿಯಿಂದ ಕಂಡ, ಸಮುದ್ರದ ಮೇಲೆ ತೇಲುತ್ತಿದ್ದ ನೊರೆಗಲ್ಲಿನ ಹಾಸಿನಿಂದ.

ಮಾರಡಿಹಳ್ಳಿಗೆ ಮಕ್ಕಳನ್ನು ಕರೆದೊಯ್ಯುವುದಾದರೆ ಬೆಳಗ್ಗೆಯೇ ಹೊರಡಿ, ಮಧ್ಯಾಹ್ನ ಆ ಬಂಡೆಗಳ ಮೇಲೆ ಕಾಲಿಡಲಾಗದು. ಸುತ್ತಿಗೆಯನ್ನು ಶಾಲೆಯಲ್ಲೇ ಬಿಟ್ಟು ಬನ್ನಿ.

ಪಿನಾಕಿನಿ ದಂಡೆಯ ಮೇಷ್ಟ್ರು:

ಸೋಮವಾರದ ಪಾಠ ಮುಗಿಯಿತು. ಸೀಟಿ ಮತ್ತು ತಂಬೂರಿಯ ಮಾತನ್ನು ಹಾಗೆಯೇ ಹೇಳಿದೆ. ಅವಳು ಒಪ್ಪಿದಳು, ಆದರೆ ಕೂರುವ ಮುನ್ನ, "ಹಾಗಾದರೆ ನಮ್ಮೂರಿಗೆ ಆ ಇನ್ನೊಂದು ಮಾಪಕವನ್ನೂ ಹಾಕಿಸಿದ್ದಾರೆಯೇ ಸರ್?" ಎಂದು ಕೇಳಿದಳು. ಕೇಂದ್ರಕ್ಕೆ ಶಾಲೆಯ ಕಡೆಯಿಂದ ಪತ್ರ ಬರೆಯಲು ಅವಳಿಗೇ ಹೇಳಿದ್ದೇನೆ, ಕರಡು ಸಿದ್ಧವಾಗಿದೆ. ಶಿರಾದವರೇ, ಐಮಂಗಲದಿಂದ ಮಾರಡಿಹಳ್ಳಿಯ ಬಂಡೆಗಳವರೆಗೆ ನಲವತ್ತು ಮಕ್ಕಳ ಬಸ್ಸು ಹೋಗುವಷ್ಟು ದಾರಿ ಇದೆಯೇ?